ಸಹಾಯ ಬೇಕು: ಗೇರು ಮರದ ಬೆಲಿಯೊನೋಟ ಪ್ರಸೀನಾ, ಉಪಪ್ರಭೇದವೋ ಬರೀ ಬಣ್ಣದ ವ್ಯತ್ಯಾಸವೋ?

ನಮಸ್ಕಾರ. ಕಾರ್ಕಳ ಕಡೆಯ ಒಣಗಿದ ಗೇರು ಮರದ ಬುಡದಿಂದ ಹೊರಬಂದ ಜ್ಯುವೆಲ್ ಬೀಟಲ್‌ಗಳಿವು (ಲೋಹದಂತೆ ಹೊಳೆಯುವ ದುಂಬಿಗಳು). ಸ್ಕುಟೆಲ್ಲಮ್ (ರೆಕ್ಕೆಕವಚಗಳ ಬುಡದ ನಡುವಿನ ಚಿಕ್ಕ ಫಲಕ) ಉದ್ದ, ಹಿಂದಕ್ಕೆ ಚೂಪಾದ ತ್ರಿಕೋನ. ಹಾಗಾಗಿ ಕುಲ ಬೆಲಿಯೊನೋಟವೇ ಎಂಬುದರಲ್ಲಿ ಅನುಮಾನವಿಲ್ಲ. ತೊಡಕು ಬಣ್ಣದ್ದು. ಒಂದೇ ದಿಮ್ಮಿಯಿಂದ ಹಸಿರೂ ಬಂದಿವೆ, ತಾಮ್ರಗೆಂಪೂ ಬಂದಿವೆ. ಉಪಪ್ರಭೇದ ಅಂದರೆ ಬೇರೆ ಬೇರೆ ಪ್ರದೇಶದ ಗುಂಪುಗಳು. ಒಂದೇ ಮರದಲ್ಲಿ ಎರಡು ಸಿಗುವುದು ನಂಬುವ ಮಾತಲ್ಲ. ಮೇಲಾಗಿ ಈ ಹೊಳಪು ಕವಚದ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವಂಥದ್ದು, ನೋಡುವ ಕೋನ ಬದಲಾದರೆ ಬಣ್ಣವೂ ಬದಲು.

ಹಾಗಾಗಿ ಬಣ್ಣ ಬಿಟ್ಟು ಜನನಾಂಗದ ಆಕಾರವನ್ನೇ ಹೋಲಿಸಬೇಕು. ಅದಕ್ಕೆ ಬೇಕಿರುವುದು ಗೋವಾ, ಕಾಸರಗೋಡು, ಘಟ್ಟದ ಮೇಲಿನ ಗಂಡು ಮಾದರಿಗಳ ಜನನಾಂಗದ ಫೋಟೋ. ಬಿಸಿನೀರಿನಲ್ಲಿ ಹುಳವನ್ನು ಮೆತ್ತಗಾಗಿಸಿ, ಹೊಟ್ಟೆಯ ತುದಿಯಿಂದ ಜನನಾಂಗವನ್ನು ಮೆಲ್ಲಗೆ ಎಳೆದು ತೆಗೆದು, 10% ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ಸ್ನಾಯು ಕರಗುವ ತನಕ ಮಾತ್ರ ಇಡಿ. ಜಾಸ್ತಿ ಹೊತ್ತಾದರೆ ಅಂಚುಗಳು ಪೇಲವವಾಗಿ ಆಕಾರವೇ ತಿಳಿಯುವುದಿಲ್ಲ. ನೀರಿನಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿಟ್ಟು, ಮೇಲಿನಿಂದ ಮತ್ತು ಬದಿಯಿಂದ ಸ್ಕೇಲ್ ಸಮೇತ ತೆಗೆಯಿರಿ. ಇಡೀ ಹುಳದ ಫೋಟೋಗೆ ನೇರ ಫ್ಲ್ಯಾಷ್ ಬೇಡ, ಟಿಶ್ಯೂ ಕಾಗದದ ಮೂಲಕ ಬಂದ ಬೆಳಕು ಸಾಕು.

ಊರು, ತಿಂಗಳು, ಯಾವ ಮರ ಎಂಬುದನ್ನು ದಯವಿಟ್ಟು ಬರೆಯಿರಿ. ಲೇಬಲ್ ಇಲ್ಲದ ಹುಳ ಎಷ್ಟು ಚಂದವಿದ್ದರೂ ಈ ಕೆಲಸಕ್ಕೆ ಬಾರದು.