ಮೊಳೆ ಹೊಡೆಯಂಗಿಲ್ಲ, ಖರ್ಚೂ ಕಮ್ಮಿ ಇರ್ಬೇಕು, ಹಾಲ್ ಗೋಡೆಗೆ ಏನ್ ಮಾಡ್ಲಿ?

ಬೋಳುಗೋಡೆ:
ಎಲ್ರಿಗೂ ನಮಸ್ಕಾರ. ಬಾಡಿಗೆ ಮನೆ, ಸೋಫಾ ಹಿಂದೆ ಉದ್ದಕ್ಕೆ ಒಂದು ಬೋಳು ಗೋಡೆ, ಒಳಗೆ ಬಂದವ್ರಿಗೆ ಮೊದ್ಲು ಕಣ್ಣಿಗೆ ಬೀಳೋದೇ ಅದು. ಡ್ರಿಲ್, ಮೊಳೆ ಎರಡೂ ಬೇಡ ಅಂತ ಓನರ್ ಖಡಾಖಂಡಿತ ಹೇಳ್ಬಿಟ್ಟಿದ್ದಾರೆ. ವಿಡಿಯೋ ನೋಡಿದ್ರೆ ಬರೀ ಬಾಟ್ಲಿಗೆ ಬಣ್ಣ ಬಳಿಯೋದು, ಐಸ್‌ಕ್ರೀಮ್ ಕಡ್ಡೀಲಿ ಏನೇನೋ ಅಂಟ್ಸೋದು, ಅಲ್ಲಿ ಚೆನ್ನಾಗೇ ಕಾಣುತ್ತೆ, ಮನೇಲಿಟ್ರೆ ಸ್ಕೂಲ್ ಪ್ರಾಜೆಕ್ಟ್ ಥರ ಆಗ್ಬಿಡುತ್ತೇನೋ ಅಂತ ಭಯ. ಹೊಲಿಗೆ ಮಷೀನ್ ಇಲ್ಲ. ಏನಾದ್ರೂ ಐಡಿಯಾ ಇದ್ರೆ ಹೇಳಿ.

ಕತ್ತರಿ_ಗೋಂದು:
ದೊಡ್ಡ ಗೋಡೆ ಮೇಲೆ ಚಿಕ್ಕಚಿಕ್ಕ ಐಟಂ ಹಾಕಿದ್ರೆ ಇನ್ನೂ ಬೋಳಾಗಿ ಕಾಣುತ್ತೆ, ಅದಕ್ಕೇ ಒಂದೇ ದೊಡ್ಡದು ಮಾಡಿ. ನನ್ನ ಓಟು ಗಂಜಿ ಹಾಕಿ ಬಟ್ಟೆ ಅಂಟ್ಸೋದಕ್ಕೆ. ಪ್ರಿಂಟ್ ಇರೋ ತೆಳು ಕಾಟನ್ ತಗೊಂಡು ಮೊದ್ಲು ಒಂದ್ಸಲ ಒಗೆದು ಇಸ್ತ್ರಿ ಮಾಡ್ಬಿಡಿ, ಇಲ್ದಿದ್ರೆ ಬಣ್ಣ ಬಿಟ್ಟು ಗೋಡೆಗೆ ಹತ್ಕೊಳ್ಳುತ್ತೆ, ಬಟ್ಟೇನೂ ಕುಗ್ಗುತ್ತೆ. ಸುಮಾರು ಅರ್ಧ ಕಪ್ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಗಂಟಿಲ್ದಂಗೆ ಕಲಸಿ, 4 ಕಪ್ ಕುದಿಯೋ ನೀರಿಗೆ ಹಾಕಿ ಕೈ ಬಿಡದೆ ತಿರುಗಿಸ್ತಾ ಇದ್ರೆ ಗಂಜಿ ರೆಡಿ. ಆರಿದ ಮೇಲೆ ಸ್ಪಂಜಲ್ಲಿ ಗೋಡೆಗೆ ಹಚ್ಚಿ, ಮೇಲಿಂದ ಬಟ್ಟೆ ಇಳಿಸ್ತಾ ಅಂಗೈಯಲ್ಲಿ ಗಾಳಿ ಹೊರಗೆ ತಳ್ಳಿ, ಆಮೇಲೆ ಬಟ್ಟೆ ಮೇಲೂ ಇನ್ನೊಂದು ಕೋಟ್. ಅಂಚಲ್ಲಿ ಒಂದಿಂಚು ಜಾಸ್ತಿ ಬಿಟ್ಟಿರಿ, ಪೂರ್ತಿ ಒಣಗಿದ್ಮೇಲೆ ಬ್ಲೇಡಲ್ಲಿ ಕತ್ತರಿಸ್ಕೋಬಹುದು. ಮನೆ ಬಿಡೋವಾಗ ಬೆಚ್ಚಗಿನ ನೀರು ಒರೆಸಿ ಮೂಲೆಯಿಂದ ಎಳೀತಾ ಬನ್ನಿ, ಬಂದ್ಬಿಡುತ್ತೆ.

ನಿಧಾನಸ್ಥ:
ಒಂದ್ನಿಮಿಷ, ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಗೋಡೆಗೆ ಯಾವ ಪೇಂಟ್ ಅಂತ ನೋಡ್ದೆ ಕೈ ಹಾಕ್ಬೇಡಿ. ಮೂಲೇಲಿ ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಅಥ್ವಾ ಬಿಳಿ ಪುಡಿ ಬಂದ್ರೆ ಡಿಸ್ಟೆಂಪರ್ ಇರ್ಬೇಕು, ಅದಕ್ಕೆ ಗಂಜೀನೂ ಬೇಡ, ಡಬಲ್ ಸೈಡ್ ಟೇಪೂ ಬೇಡ. ಟೇಪ್ ಗೋಡೆಗೆ ಅಂಟಲ್ಲ, ಆ ಪುಡಿಗೆ ಅಂಟುತ್ತೆ, ಒಂದಿನ ಫ್ರೇಮ್ ಸಮೇತ ಕೆಳಗೆ. ತೇವ ಹಿಡಿಯೋ ಗೋಡೆ ಆದ್ರೂ ಬಟ್ಟೆ ಅಂಟ್ಸೋ ಮಾತೇ ಬೇಡ, ಒಳಗೊಳಗೇ ಬೂಷ್ಟು ಬರುತ್ತೆ.

ಬೋಳುಗೋಡೆ:
ಉಜ್ಜಿ ನೋಡ್ದೆ, ಬಟ್ಟೆಯೆಲ್ಲಾ ಬೆಳ್ಳಗಾಯ್ತು 😐 ಹಂಗಾದ್ರೆ ಗೋಡೆ ಮುಟ್ಟೋ ಹಾಗೇ ಇಲ್ವಾ?

ನಿಧಾನಸ್ಥ:
ಮುಟ್ಟೋದೇ ಬೇಡ. ಪ್ಯಾನೆಲ್ ಮಾಡಿ ಸೋಫಾ ಹಿಂದೆ ನೆಲದ ಮೇಲೇ ನಿಲ್ಸಿ, ಸೋಫಾನೇ ಅದನ್ನ ಒತ್ತಿ ಹಿಡ್ಕೊಳ್ಳುತ್ತೆ. ಫ್ರಿಜ್, ವಾಷಿಂಗ್ ಮಷೀನ್ ಬರೋ ದೊಡ್ಡ ರಟ್ಟಿನ ಡಬ್ಬ ಯಾರ ಹತ್ರಾನಾದ್ರೂ ಸಿಗುತ್ತೆ. ರಟ್ಟೊಳಗೆ ಗೆರೆಗೆರೆ ಇರುತ್ತಲ್ಲ, ಒಂದು ಪದರದ ಗೆರೆ ಉದ್ದಕ್ಕೆ ಇನ್ನೊಂದರದ್ದು ಅಡ್ಡಕ್ಕೆ ಬರೋ ಥರ ಎರಡು ಪದರ ಅಂಟ್ಸಿದ್ರೆ ಬೇಗ ಬಾಗಲ್ಲ, ಇದೊಂದು ಮಾತ್ರ ತಪ್ಪಿಸ್ಬೇಡಿ. ಬಿಳಿ ಗೋಂದು ಹಚ್ಚಿ, ಮೇಲೆ ಪುಸ್ತಕ ಗಿಸ್ತಕ ಹೇರಿ ಒಂದು ರಾತ್ರಿ ಬಿಡಿ. ಬಟ್ಟೆ ಎಳೆದು ಹಿಂದೆ ಅಂಟ್ಸೋವಾಗ ಒಂದೇ ಕಡೆಯಿಂದ ಶುರು ಮಾಡ್ಬೇಡಿ, ಎದುರುಬದುರು ಅಂಚಿನ ಮಧ್ಯಭಾಗ ಮೊದ್ಲು, ಮೂಲೆ ಕೊನೇಗೆ, ಇಲ್ದಿದ್ರೆ ಪ್ರಿಂಟ್ ಸೊಟ್ಟಗಾಗುತ್ತೆ. ಅಗಲ ಸೋಫಾದ ಮೂರನೇ ಎರಡು ಭಾಗ ಇದ್ರೆ ಕಣ್ಣಿಗೆ ಹಿತ, ಅಂದ್ರೆ 6 ಅಡಿ ಸೋಫಾಗೆ 4 ಅಡಿ. ಸೋಫಾ ಹಿಂದೆ ಅಡಗೋ ಭಾಗಕ್ಕೆ ಒಳ್ಳೇ ಬಟ್ಟೆ ಯಾಕೆ ದಂಡ ಮಾಡ್ತೀರಾ, ಅಲ್ಲಿ ಬರೀ ರಟ್ಟೇ ಇರ್ಲಿ.

ಹಸಿರೆಲೆ:
ಎಲ್ರೂ ಬಾಟ್ಲೀನ ಇಷ್ಟೊಂದು ಬೈತಿದೀರಲ್ಲಾ 😄 ಬಣ್ಣ ಬಳೀದೇ ಇದ್ರೆ ಅದೇ ಚೆಂದ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿದ್ರೆ ಲೇಬಲ್ ಬಿಟ್ಕೊಳ್ಳುತ್ತೆ, ಉಳಿದ ಅಂಟಿಗೆ ಸ್ವಲ್ಪ ಎಣ್ಣೆ ಉಜ್ಜಿ. ಮನಿಪ್ಲಾಂಟ್ ಬಳ್ಳಿ ಕತ್ತರಿಸೋವಾಗ ಒಂದು ಗಿಣ್ಣಾದ್ರೂ ನೀರೊಳಗೆ ಇರೋ ಹಾಗೆ ನೋಡ್ಕೊಳ್ಳಿ, ಬೇರು ಬರೋದೇ ಅಲ್ಲಿಂದ, ಬರೀ ಎಲೆ ಇಟ್ರೆ ಹೊಸ ಬಳ್ಳಿ ಬರಲ್ಲ. ವಾರಕ್ಕೊಮ್ಮೆ ನೀರು ಬದಲಾಯಿಸಿ. ಕಂದು ಬಣ್ಣದ ಬಾಟ್ಲಿ ಆದ್ರೆ ಪಾಚಿ ಕಮ್ಮಿ. ಮನೇಲಿ ಬೆಕ್ಕು ನಾಯಿ ಇದ್ರೆ ಎತ್ತರದಲ್ಲಿಡಿ, ಆ ಎಲೆ ಅವಕ್ಕೆ ಆಗಲ್ಲ.

ಬೋಳುಗೋಡೆ:
ಬೆಕ್ಕಿದೆ!! ಸದ್ಯ ಹೇಳಿದ್ರಿ. ಪ್ಯಾನೆಲ್ಲೇ ಫೈನಲ್, ಡಬ್ಬ ಹುಡುಕ್ತೀನಿ. ಬಟ್ಟೆ ಪ್ಲೇನ್ ತಗೊಳ್ಳಾ, ಪ್ರಿಂಟಾ?

ಕತ್ತರಿ_ಗೋಂದು:
ಸೋಫಾ ಪ್ಲೇನ್ ಇದ್ರೆ ದೊಡ್ಡ ಪ್ರಿಂಟ್, ಸೋಫಾನೇ ಹೂವು ಹೂವು ಇದ್ರೆ ಪ್ಲೇನ್, ಆದ್ರೆ ದಪ್ಪ ನೇಯ್ಗೆದು ತಗೊಳ್ಳಿ. ಪಕ್ಕದಲ್ಲಿ ವಾರ್ಮ್ ವೈಟ್ ಬಲ್ಬ್ ಹಾಕಿ ದೀಪ ಇಟ್ರೆ ಆ ನೇಯ್ಗೆ ಎದ್ದು ಕಾಣುತ್ತೆ, ಡಬ್ಬಿ ಮೇಲೆ 2700ಕೆ ಅಂತ ಇರುತ್ತೆ ನೋಡಿ. ಬೆಕ್ಕು ಬಟ್ಟೆ ಪರಚೋದಕ್ಕೆ ಮಾತ್ರ ನನ್ನ ಹತ್ರ ಐಡಿಯಾ ಇಲ್ಲಪ್ಪ, ಬೆಕ್ಕು ಸಾಕಿರೋರು ಯಾರಾದ್ರೂ ಹೇಳ್ಲಿ.