ಅಶ್ವತ್ಥಾಮನಿಗೆ ಕ್ಷಮೆ ಇದೆಯಾ? ಯಾವ ಖಳರನ್ನು ಪೂರ್ತಿ ಕೈಬಿಡಬೇಕು?

ಹಳೇಓದುಗ:
ಕಥೆಗಳಲ್ಲಿ ಬರುವ ಖಳರಲ್ಲಿ ಯಾರನ್ನು ಪೂರ್ತಿ ಕೈಬಿಡಬೇಕು? ನನ್ನ ಅಳತೆ ಒಂದೇ. ಎಷ್ಟು ಜನರನ್ನು ಕೊಂದ ಅನ್ನುವುದು ಮುಖ್ಯವಲ್ಲ. ಸಾಕು ಮಾಡು ಅಂತ ಯಾರಾದರೂ ಹೇಳಿದಾಗ, ನಿಲ್ಲಿಸುವ ಅವಕಾಶ ಕೈಗೇ ಸಿಕ್ಕಾಗ ಏನು ಮಾಡಿದ ಅನ್ನುವುದು ಮುಖ್ಯ. ಷೇಕ್ಸ್‌ಪಿಯರ್‌ನ ಇಯಾಗೊ ನೋಡಿ. ಅವನ ಮಾತು ನಂಬಿ ಒಥೆಲೊ ಹೆಂಡತಿಯನ್ನು ಕೊಂದಾಗಿದೆ. ಗುಟ್ಟೆಲ್ಲ ಬಯಲಾಗಿದೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ, ಇನ್ನು ಮೇಲೆ ಒಂದು ಮಾತೂ ಆಡುವುದಿಲ್ಲ ಅಂತ ಬಾಯಿ ಮುಚ್ಚಿಕೊಳ್ಳುತ್ತಾನೆ. ಇನ್ನೊಬ್ಬ ಮಹಾಭಾರತದ ಅಶ್ವತ್ಥಾಮ, ದ್ರೋಣನ ಮಗ. ಮಲಗಿದ್ದವರನ್ನು ಕೊಂದ. ಅದೂ ಸಾಲದೆ ಹೊಟ್ಟೆಯಲ್ಲಿದ್ದ ಮಗುವಿನ ಮೇಲೆ ಅಸ್ತ್ರ ತಿರುಗಿಸಿದ. ಇವರಿಬ್ಬರಿಗೂ ನನ್ನ ಲೆಕ್ಕದಲ್ಲಿ ಕ್ಷಮೆ ಇಲ್ಲ. ಕೀಚಕನ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಅವನ ಪರ ವಾದ ಮಾಡುವವರನ್ನು ನಾನು ಎಲ್ಲೂ ನೋಡಿಲ್ಲ.

ತಾರೆಗಣ್ಣು:
"ಎಷ್ಟು ಜನರನ್ನು ಕೊಂದ ಅನ್ನುವುದು ಮುಖ್ಯವಲ್ಲ" ಅಂದರೆ ಏನರ್ಥ? ಸತ್ತವರಿಗೆ ಅದೇ ತಾನೇ ಮುಖ್ಯ? ಸ್ಟಾರ್ ವಾರ್ಸ್‌ನ ಡಾರ್ತ್ ವೇಡರ್ 1983ರ ಚಿತ್ರದಲ್ಲಿ ಮಗನನ್ನು ಉಳಿಸಲು ಚಕ್ರವರ್ತಿಯನ್ನು ಎತ್ತಿ ಎಸೆದ. ಅಷ್ಟಕ್ಕೆ ಎಲ್ಲರೂ ಕಣ್ಣೀರು ಹಾಕಿ ಕ್ಷಮಿಸಿಬಿಟ್ಟರು. ಒಂದು ಇಡೀ ಗ್ರಹವನ್ನು ಪುಡಿ ಮಾಡಿದವನು ಅವನು. ತನ್ನ ಮಗನ ಮೇಲಿನ ಪ್ರೀತಿ ಬೇರೆಯವರ ಮಕ್ಕಳ ಸಾವನ್ನು ಅಳಿಸುತ್ತದಾ?

ಮಿಂಚುಳ್ಳಿ:
ಗ್ರಹ ಪುಡಿ ಮಾಡಿದವನು ವೇಡರ್ ಅಲ್ಲ. 1977ರ ಚಿತ್ರ ಇನ್ನೊಮ್ಮೆ ನೋಡಿ. ಆಲ್ಡರಾನ್ ಮೇಲೆ ದಾಳಿಗೆ ಆಜ್ಞೆ ಕೊಟ್ಟವನು ಟಾರ್ಕಿನ್.

ತಾರೆಗಣ್ಣು:
ಆಜ್ಞೆ ಯಾರದ್ದಾದರೂ ಇರಲಿ. ಆ ಗ್ರಹದ ರಾಜಕುಮಾರಿ ಲೇಯಾಳ ಹೆಗಲು ಹಿಡಿದುಕೊಂಡು, ಅವಳ ಊರು ಉರಿಯುವುದನ್ನು ಅವಳಿಗೇ ತೋರಿಸುತ್ತಾ ನಿಂತಿದ್ದವನು ಯಾರು? 2005ರ ಚಿತ್ರದಲ್ಲಿ ಪುಟ್ಟ ಮಕ್ಕಳು ಅಡಗಿದ್ದ ಕೋಣೆಗೆ ಕತ್ತಿ ಹಿಡಿದು ಹೋದವನು ಯಾರು?

ಕುರುಪಕ್ಷ:
ವೇಡರ್ ವಿಷಯ ನೀವೇ ಬಗೆಹರಿಸಿಕೊಳ್ಳಿ. "ಮಲಗಿದ್ದವರನ್ನು ಕೊಂದ" ಅನ್ನುವ ಮಾತಿಗೆ ನನ್ನ ತಕರಾರಿದೆ. ಕಥೆಯನ್ನು ಅರ್ಧದಿಂದ ಶುರು ಮಾಡಬೇಡಿ. ಯುದ್ಧದ ಹದಿನೈದನೇ ದಿನ ಏನಾಯಿತು? ಅಶ್ವತ್ಥಾಮ ಸತ್ತ ಅಂತ ಭೀಮ ಕೂಗಿದ. ಸತ್ತದ್ದು ಆನೆ. ಸುಳ್ಳಾಡದ ಧರ್ಮರಾಯನೂ ಅದಕ್ಕೆ ದನಿಗೂಡಿಸಿದ. ಮಗ ಹೋದ ಅಂತ ದ್ರೋಣ ಆಯುಧ ಕೆಳಗಿಟ್ಟು ಯೋಗದಲ್ಲಿ ಕೂತ. ಧೃಷ್ಟದ್ಯುಮ್ನ ಬಂದು ಜುಟ್ಟು ಹಿಡಿದು ತಲೆ ಕಡಿದ. ಅಪ್ಪನನ್ನು ಕೊಲ್ಲಲು ತನ್ನ ಹೆಸರನ್ನೇ ಬಳಸಿಕೊಂಡರು ಅಂತ ಗೊತ್ತಾದರೆ ಯಾವ ಮಗನ ರಕ್ತ ಕುದಿಯುವುದಿಲ್ಲ? ಇಷ್ಟಾದ ಮೇಲೂ, ಐವರು ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ ಅವನನ್ನು ಬಿಟ್ಟುಬಿಡಿ ಅಂದಳು. ನಾನು ಅಳುವ ಹಾಗೆ ಅವನ ತಾಯಿ ಅಳುವುದು ಬೇಡ ಅಂದಳು. ಅವಳೇ ಕ್ಷಮಿಸಿದ ಮೇಲೆ ಕ್ಷಮೆ ಇಲ್ಲ ಅನ್ನಲು ನಾವ್ಯಾರು?

ಗರುಡಗಂಬ:
ದ್ರೌಪದಿ ಬಿಟ್ಟುಬಿಡಿ ಅಂದದ್ದು ಭಾಗವತದಲ್ಲಿ. ಮೊದಲ ಸ್ಕಂಧ. ವ್ಯಾಸಭಾರತದ ಸೌಪ್ತಿಕ ಪರ್ವ ತೆಗೆದು ನೋಡಿ. ಅಲ್ಲಿ ಅವಳು ಊಟ ಬಿಟ್ಟು ಸಾಯಲು ಕೂರುತ್ತಾಳೆ. ಆ ಪಾಪಿಯನ್ನು ಕೊಂದು, ಅವನ ತಲೆಯ ಮಣಿ ತಂದು ತೋರಿಸಿದರೆ ಮಾತ್ರ ಬದುಕುತ್ತೇನೆ ಅನ್ನುತ್ತಾಳೆ. ನಕುಲನನ್ನು ಸಾರಥಿ ಮಾಡಿಕೊಂಡು ಭೀಮ ಹೊರಟದ್ದು ಅದಕ್ಕೇ. ಇದರಲ್ಲಿ ಕ್ಷಮೆ ಎಲ್ಲಿದೆ?

ಕುರುಪಕ್ಷ:
"ಕ್ಷಮೆ ಎಲ್ಲಿದೆ" ಅಂತ ಕೇಳಿದಿರಲ್ಲ, ಅದೇ ಸೌಪ್ತಿಕ ಪರ್ವವನ್ನು ಪೂರ್ತಿ ಓದಿ. ಭೀಮ ಮಣಿ ತಂದು ಕೈಗೆ ಕೊಟ್ಟಾಗ ಅವಳು ಏನಂದಳು? ನನ್ನ ಋಣ ತೀರಿತು, ಗುರುವಿನ ಮಗ ನನಗೂ ಗುರು ಅಂದಳು. ಮಣಿಯನ್ನು ಧರ್ಮರಾಯ ಧರಿಸಲಿ ಅಂತ ಕೊಟ್ಟಳು. ಉಪವಾಸ ಬಿಟ್ಟು ಎದ್ದಳು. ಅರ್ಧ ಓದಿ ಇಲ್ಲಿ ಬಂದು ಪಾಠ ಹೇಳಬೇಡಿ.

ಗರುಡಗಂಬ:
ಋಣ ತೀರಿತು ಅಂದರೆ ಸೇಡು ತೀರಿತು ಅಂತಲೇ. ಹುಟ್ಟಿನಿಂದ ತಲೆಯಲ್ಲಿದ್ದ ಮಣಿಯನ್ನು ಕಿತ್ತುಕೊಂಡ ಮೇಲೆ ಸಮಾಧಾನವಾಯಿತು. ಕೈ ಬರಿದಾದವನನ್ನು ಕೊಲ್ಲಬೇಡಿ ಅನ್ನುವುದು ಬೇರೆ, ಕ್ಷಮಿಸಿದೆ ಅನ್ನುವುದು ಬೇರೆ.

ಮಿಂಚುಳ್ಳಿ:
ಎಲ್ಲರೂ ಅಶ್ವತ್ಥಾಮನ ಹತ್ತಿರವೇ ನಿಂತುಬಿಟ್ಟಿರಿ. ಹಳೇಓದುಗರ ಅಳತೆಗೆ ನಿಜವಾದ ಸವಾಲು ರಾವಣ. ನಾಗಚಂದ್ರನ ಪಂಪ ರಾಮಾಯಣ ಓದಿದವರು ಹೇಳಿ. ಅಲ್ಲಿ ರಾವಣನಿಗೆ ಸೀತೆಯ ಸ್ಥಿತಿ ನೋಡಿ ಮನಸ್ಸು ತಿರುಗುತ್ತದೆ. ತಪ್ಪು ಮಾಡಿದೆ ಅನ್ನಿಸುತ್ತದೆ. ಅವಳನ್ನು ಹಿಂದಕ್ಕೆ ಕೊಡಬೇಕು ಅಂತಲೂ ನಿಶ್ಚಯಿಸುತ್ತಾನೆ. ಆದರೆ ಈಗಲೇ ಕೊಟ್ಟರೆ ಹೆದರಿ ಕೊಟ್ಟ ಅಂತಾರೆ, ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಕೊಡುತ್ತೇನೆ ಅಂತ ಹೊರಡುತ್ತಾನೆ. ಮನಸ್ಸು ಬದಲಾಗಿದೆ, ಕೆಲಸ ಬದಲಾಗಿಲ್ಲ. ಇವನು ಯಾವ ಕಡೆ? ನನ್ನ ಪ್ರಕಾರ ಇವನನ್ನು ಕೈಬಿಡಲು ಆಗುವುದಿಲ್ಲ. ತಪ್ಪು ಅಂತ ಒಳಗೆ ಒಪ್ಪಿಕೊಂಡವನು ಇಯಾಗೊನ ಸಾಲಿಗೆ ಸೇರುವುದಿಲ್ಲ.

ತಾರೆಗಣ್ಣು:
"ಒಳಗೆ ಒಪ್ಪಿಕೊಂಡವನು". ಅವನು ಒಳಗೆ ಒಪ್ಪಿಕೊಂಡರೆ ಅಶೋಕವನದಲ್ಲಿ ಕೂತವಳಿಗೆ ಏನು ಸಿಕ್ಕಿತು? ತನ್ನ ಮಾನ ಉಳಿಸಿಕೊಳ್ಳಲು ಸಾವಿರಾರು ಸೈನಿಕರನ್ನು ಸಾಯಿಸಲು ಹೊರಟ. ತಪ್ಪು ಅಂತ ಗೊತ್ತಿದ್ದೂ ಮಾಡಿದವನು ಗೊತ್ತಿಲ್ಲದೆ ಮಾಡಿದವನಿಗಿಂತ ಜಾಸ್ತಿ ಕೆಟ್ಟವನು.

ಗಾಂಧಾರ:
ಶಕುನಿಯನ್ನು ಯಾರೂ ಎತ್ತಿಲ್ಲ, ಅದೇ ಒಳ್ಳೆಯದು. ಅವನ ತಂದೆಯನ್ನೂ ಅಣ್ಣತಮ್ಮಂದಿರನ್ನೂ ಸೆರೆಯಲ್ಲಿ ಉಪವಾಸ ಕೆಡವಿ ಸಾಯಿಸಿದರು. ತಂದೆಯ ಮೂಳೆಯಿಂದ ದಾಳ ಮಾಡಿಕೊಂಡ. ಅಂಥ ನೋವು ಇದ್ದವನನ್ನು ಖಳ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗರುಡಗಂಬ:
ಆ ಮೂಳೆಯ ಕಥೆ ವ್ಯಾಸಭಾರತದಲ್ಲಿ ಇಲ್ಲ. ಜನ ಆಮೇಲೆ ಕಟ್ಟಿದ್ದು.

ಕುರುಪಕ್ಷ:
ಜನ ಕಟ್ಟಿದ್ದಕ್ಕೆ ಬೆಲೆ ಇಲ್ಲವಾ? ಬೆಲೆ ಇಲ್ಲ ಅಂದರೆ ನಮ್ಮ ರನ್ನನೂ ಬೇಡ ಅನ್ನಿ. ಅವನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಒಬ್ಬನೇ ನಡೆಯುತ್ತಾನೆ. ದುಶ್ಶಾಸನನ ಹೆಣ ಕಂಡು, ತಾಯಿಯ ಹಾಲನ್ನೂ ನನ್ನ ನಂತರ ಕುಡಿದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲೋ ಅಂತ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಅನ್ನುತ್ತಾನೆ. ಖಳನ ಎದೆಯೊಳಗೆ ಇಳಿದು ಬರೆದ ಕವಿ ಅವನು. ನೀವು ಮೂಲದಲ್ಲಿ ಇಲ್ಲ ಅಂತ ಒಂದೇ ಮಾತಿನಲ್ಲಿ ಕತ್ತರಿಸುತ್ತೀರಿ. ಮೂಲವೇ ಬೇಕಾ? ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯ ಸ್ವರ್ಗಕ್ಕೆ ಹೋದಾಗ ಮೊದಲು ಕಂಡದ್ದೇ ಆಸನದ ಮೇಲೆ ಹೊಳೆಯುತ್ತಾ ಕೂತಿದ್ದ ದುರ್ಯೋಧನ.

ಗರುಡಗಂಬ:
ನಾನು ರನ್ನನ ಬಗ್ಗೆ ಒಂದಕ್ಷರ ಕೆಟ್ಟದ್ದು ಹೇಳಿಲ್ಲ. ಸುಮ್ನೆ ಇಲ್ಲದ ಮಾತು ನನ್ನ ಬಾಯಿಗೆ ತುರುಕಬೇಡಿ. ಮತ್ತೆ, ಅಭಿಮನ್ಯುವನ್ನು ಸುತ್ತುವರಿದು ಕೊಂದ ಆರು ಮಹಾರಥರಲ್ಲಿ ನಿಮ್ಮ ಅಶ್ವತ್ಥಾಮನೂ ಒಬ್ಬ. ಆಗ ಅವನ ಅಪ್ಪ ಬದುಕಿದ್ದ. ಯಾವ ಸೇಡೂ ಇರಲಿಲ್ಲ. ಅದಕ್ಕೇನು ಕಾರಣ ಕೊಡುತ್ತೀರಿ?

ಹಳೇಓದುಗ:
ನನ್ನ ಅಳತೆಯನ್ನು ಎಲ್ಲರೂ ಮರೆತಿರಿ. ಅಶ್ವತ್ಥಾಮನಿಗೆ ಎಷ್ಟು ಸಲ ಅವಕಾಶ ಬಂತು ನೋಡಿ. ಆ ರಾತ್ರಿ ಆಲದ ಮರದ ಕೆಳಗೆ ಅಶ್ವತ್ಥಾಮ, ಕೃಪ, ಕೃತವರ್ಮ ಮೂವರೂ ತಂಗಿದ್ದರು. ಉಳಿದಿಬ್ಬರು ಮಲಗಿದರು, ಇವನಿಗೆ ನಿದ್ದೆ ಬರಲಿಲ್ಲ. ಗೂಬೆಯೊಂದು ನಿದ್ದೆಯಲ್ಲಿದ್ದ ಕಾಗೆಗಳನ್ನು ಕೊಲ್ಲುವುದನ್ನು ಕಂಡು ಇವನಿಗೆ ಉಪಾಯ ಹೊಳೆಯಿತು. ಸೋದರಮಾವ ಕೃಪ ಎದ್ದು ಬುದ್ಧಿ ಹೇಳಿದ. ಮಲಗಿದವರನ್ನು ಕೊಲ್ಲುವುದು ಧರ್ಮವಲ್ಲ, ಈ ರಾತ್ರಿ ನಿದ್ದೆ ಮಾಡು, ಬೆಳಗ್ಗೆ ನಾವೂ ನಿನ್ನ ಜೊತೆ ನಿಂತು ಹೋರಾಡುತ್ತೇವೆ ಅಂದ. ಕೇಳಲಿಲ್ಲ. ಪಾಳೆಯಕ್ಕೆ ಹೋಗಿ ಮಂಚದ ಮೇಲಿದ್ದ ಧೃಷ್ಟದ್ಯುಮ್ನನನ್ನು ಒದ್ದು ಎಬ್ಬಿಸಿದ. ಆಯುಧದಿಂದಲೇ ಕೊಲ್ಲು, ವೀರರ ಲೋಕಕ್ಕಾದರೂ ಹೋಗುತ್ತೇನೆ ಅಂತ ಅವನು ಬೇಡಿಕೊಂಡ. ಗುರುವನ್ನು ಕೊಂದವನಿಗೆ ಲೋಕವಿಲ್ಲ ಅಂತ ಹೇಳಿ ತುಳಿದು ತುಳಿದು ಕೊಂದ. ಹ್ಯಾರಿ ಪಾಟರ್ ಕಥೆಯ ಕೊನೆಯಲ್ಲಿ ವೋಲ್ಡೆಮಾರ್ಟ್‌ಗೂ ಹೀಗೇ ಆಗುತ್ತದೆ. ಪಶ್ಚಾತ್ತಾಪ ಪಡಲು ಒಮ್ಮೆ ಪ್ರಯತ್ನಿಸು ಅಂತ ಹ್ಯಾರಿಯೇ ಹೇಳುತ್ತಾನೆ, ಅವನು ತಳ್ಳಿಹಾಕುತ್ತಾನೆ. ಕೈಬಿಡಬೇಕಾದ ಖಳ ಅಂದರೆ ನನಗೆ ಇವರೇ.

ಕುರುಪಕ್ಷ:
"ಗುರುವನ್ನು ಕೊಂದವನಿಗೆ ಲೋಕವಿಲ್ಲ". ನೋಡಿ, ನೀವೇ ಬರೆದಿದ್ದೀರಿ. ಆ ಮಾತಿನಲ್ಲಿ ತಪ್ಪೇನಿದೆ? ಆಯುಧ ಕೆಳಗಿಟ್ಟವನನ್ನು ಕೊಂದವನು ಆಯುಧದ ಸಾವು ಕೇಳುತ್ತಾನೆ. ಯಾವ ಮುಖ ಇಟ್ಟುಕೊಂಡು ಕೇಳಿದ? ಅವನಿಗೆ ತಕ್ಕ ಸಾವೇ ಸಿಕ್ಕಿತು.

ಗರುಡಗಂಬ:
ಅವನಿಗೆ ತಕ್ಕ ಸಾವು ಅಂತಲೇ ಇಟ್ಟುಕೊಳ್ಳೋಣ. ಪಕ್ಕದ ಡೇರೆಗಳಲ್ಲಿದ್ದ ದ್ರೌಪದಿಯ ಮಕ್ಕಳು ಯಾವ ಗುರುವನ್ನು ಕೊಂದಿದ್ದರು? ಮತ್ತೆ ನಿಮ್ಮ ಭಾಗವತಕ್ಕೇ ಬರುತ್ತೇನೆ. ದ್ರೌಪದಿ ಬಿಟ್ಟುಬಿಡಿ ಅಂದದ್ದನ್ನು ಅಲ್ಲಿಂದ ತಂದಿರಿ. ಅದರ ಮುಂದಿನ ಅಧ್ಯಾಯ ಯಾಕೆ ತರಲಿಲ್ಲ? ವ್ಯಾಸಭಾರತದಲ್ಲಿ ಗರ್ಭದ ಮೇಲೆ ಅಸ್ತ್ರ ಬೀಳುವುದು ಮಣಿ ಕೊಡುವ ಹೊತ್ತಿಗೇ. ಭಾಗವತದಲ್ಲಿ ಹಾಗಲ್ಲ. ಅಲ್ಲಿ ಅರ್ಜುನ ಅವನನ್ನು ಕಟ್ಟಿ ತರುತ್ತಾನೆ, ದ್ರೌಪದಿ ಬಿಡಿಸುತ್ತಾಳೆ, ಮಣಿ ತೆಗೆದು ಜೀವಸಹಿತ ಕಳಿಸುತ್ತಾರೆ. ಅದಾದ ಮೇಲೆ, ಕೃಷ್ಣ ದ್ವಾರಕೆಗೆ ಹೊರಟು ನಿಂತಾಗ, ಅಭಿಮನ್ಯುವಿನ ಹೆಂಡತಿ ಉತ್ತರೆ ಬೆಂಕಿಯ ಬಾಣ ಬೆನ್ನಟ್ಟುತ್ತಿದೆ ಅಂತ ಕಿರುಚಿಕೊಂಡು ಓಡಿ ಬರುತ್ತಾಳೆ. ನಾನು ಸತ್ತರೂ ಸರಿ, ಗರ್ಭ ಉಳಿಯಲಿ ಅನ್ನುತ್ತಾಳೆ. ಕ್ಷಮಿಸಿ ಕಳಿಸಿದವರ ಮನೆಯ ಬಸುರಿಯ ಮೇಲೆ ಅಸ್ತ್ರ ಬಿಟ್ಟವನು ಅವನು. ನಿಮ್ಮ ಸಾಕ್ಷಿಯೇ ನಿಮ್ಮ ವಾದವನ್ನು ಮುಳುಗಿಸಿತು.

ಕುರುಪಕ್ಷ:
ಏನೂ ಮುಳುಗಿಲ್ಲ. ಕ್ಷಮೆ ಕೊಟ್ಟಿದ್ದರು ಅಂತ ಕೊನೆಗೂ ನಿಮ್ಮ ಬಾಯಲ್ಲೇ ಬಂತಲ್ಲ, ಸಾಕು. ವಿಷ್ಣುಪುರಾಣವನ್ನೂ ತರುತ್ತೇನೆ. ಮುಂದೆ ಬರುವ ಸಾವರ್ಣಿ ಮನ್ವಂತರದ ಏಳು ಋಷಿಗಳ ಹೆಸರು ಅದರಲ್ಲಿದೆ. ವ್ಯಾಸ, ಪರಶುರಾಮ, ಕೃಪ, ಅವರ ಸಾಲಿನಲ್ಲೇ ದ್ರೋಣನ ಮಗ. ಸಪ್ತರ್ಷಿ ಆಗುವವನನ್ನು ಕೈಬಿಟ್ಟವನು ಅನ್ನುತ್ತೀರಾ?

ತಾರೆಗಣ್ಣು:
ಋಷಿ ಪದವಿ ಸಿಕ್ಕಿತು ಅಂದ ಮಾತ್ರಕ್ಕೆ ಮಾಡಿದ್ದು ಸರಿಯಾಗುತ್ತದಾ? ಕೊಟ್ಟವರು ಯಾಕೆ ಕೊಟ್ಟರು ಅಂತ ಅವರನ್ನು ಕೇಳಬೇಕು. ವೇಡರ್‌ನನ್ನೂ ಕೊನೆಯಲ್ಲಿ ಒಳ್ಳೆಯವರ ಪಕ್ಕದಲ್ಲಿ ಹೊಳೆಯುವ ಹಾಗೆ ನಿಲ್ಲಿಸಿದರು. ನನಗೆ ಅದೂ ಒಪ್ಪಿಗೆ ಇಲ್ಲ, ಇದೂ ಇಲ್ಲ.

ಸೀತಾಳೆ:
ಇಷ್ಟು ಹೊತ್ತು ಓದುತ್ತಿದ್ದೆ. ದ್ರೌಪದಿ ಕ್ಷಮಿಸಿದಳಾ ಇಲ್ಲವಾ ಅಂತ ಇಷ್ಟುದ್ದ ಹೊಡೆದಾಡಿದಿರಿ. ಉತ್ತರೆಯ ಪರವಾಗಿ ಕ್ಷಮಿಸಲು ದ್ರೌಪದಿಗೆ ಅಧಿಕಾರ ಕೊಟ್ಟವರು ಯಾರು? ಆ ಹುಡುಗಿಗೆ ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ಹೋದ. ವ್ಯಾಸಭಾರತದಲ್ಲಿ ಹೆತ್ತ ಮಗು ಉಸಿರಿಲ್ಲದೆ ಹುಟ್ಟಿತು. ಅಶ್ವಮೇಧ ಪರ್ವದಲ್ಲಿ ಆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, ಏಳು, ಕೃಷ್ಣನಿಗೆ ನಮಸ್ಕಾರ ಮಾಡು ಅಂತ ಅದರ ಜೊತೆ ಮಾತಾಡುತ್ತಾಳೆ. ಕೃಷ್ಣ ಬದುಕಿಸಿದ, ಸರಿ. ಅಶ್ವತ್ಥಾಮ ಬದುಕಿಸಲಿಲ್ಲ. ಯಾರಿಗೆ ಪೆಟ್ಟು ಬಿತ್ತೋ ಅವರು ಕ್ಷಮಿಸಬೇಕು. ಉತ್ತರೆಯನ್ನು ಯಾರೂ ಕೇಳಲೇ ಇಲ್ಲ.

ಮಿಂಚುಳ್ಳಿ:
"ಯಾರಿಗೆ ಪೆಟ್ಟು ಬಿತ್ತೋ ಅವರು ಕ್ಷಮಿಸಬೇಕು" ಅಂದರೆ ಸತ್ತವರ ಪರವಾಗಿ ಯಾರೂ ಕ್ಷಮಿಸುವ ಹಾಗಿಲ್ಲ. ಆಗ ಕೊಲೆ ಮಾಡಿದ ಯಾವ ಖಳನಿಗೂ ದಾರಿ ಉಳಿಯುವುದಿಲ್ಲ. ಅದನ್ನು ನಾನು ಒಪ್ಪುವುದಿಲ್ಲ.

ಗರುಡಗಂಬ:
ದಾರಿ ತೆರೆಯಬೇಕಾದವನು ಮೊದಲು ಅವನೇ. ಕೃಷ್ಣ ಶಾಪ ಕೊಟ್ಟ ಘಟ್ಟ ನೋಡಿ. ಮೂರು ಸಾವಿರ ವರ್ಷ ಒಬ್ಬನೇ ಅಲೆ, ಮೈಯಲ್ಲಿ ಕೀವು ರಕ್ತದ ನಾತ ಹೊತ್ತುಕೊಂಡು ಕಾಡಿನಲ್ಲಿ ತಿರುಗು ಅಂತ. ಅದಕ್ಕೂ ಮೊದಲು ಕೃಷ್ಣ, ಉತ್ತರೆಯ ಮಗ ಉಳಿಯುತ್ತಾನೆ ಅಂದಾಗ ಇವನು ಸಿಟ್ಟಿನಿಂದ ನನ್ನ ಮಾತು ಸುಳ್ಳಾಗುವುದಿಲ್ಲ, ಅಸ್ತ್ರ ಆ ಗರ್ಭದ ಮೇಲೇ ಬೀಳುತ್ತದೆ ಅಂದ. ಕುರುಪಕ್ಷ ಅವರೇ, ಪುರಾಣ ಪರ್ವ ಎಲ್ಲ ತಂದಿರಿ. ತಪ್ಪಾಯಿತು ಅಂತ ಅವನು ಹೇಳಿದ ಒಂದು ಶ್ಲೋಕ ತನ್ನಿ. ಒಂದೇ ಒಂದು.

ಕುರುಪಕ್ಷ:
ಶ್ಲೋಕ ಕೇಳುತ್ತೀರಾ? ಅದೇ ರಾತ್ರಿ ಪಾಳೆಯದ ಬಾಗಿಲಲ್ಲಿ ಕೃತವರ್ಮನ ಜೊತೆ ನಿಂತವನು ಕೃಪ. ನಿದ್ದೆಗಣ್ಣಿನಲ್ಲಿ, ಆಯುಧವಿಲ್ಲದೆ, ಕೈ ಮುಗಿದುಕೊಂಡು ಹೊರಗೆ ಓಡಿ ಬಂದವರನ್ನು ಒಬ್ಬರನ್ನೂ ಬಿಡದೆ ಕೊಂದರು. ಬುದ್ಧಿ ಹೇಳಿದವನೇ ಕತ್ತಿ ಎತ್ತಿದ. ಯುದ್ಧ ಮುಗಿದ ಮೇಲೆ ಏನಾಯಿತು? ಧರ್ಮರಾಯ ಮಹಾಪ್ರಸ್ಥಾನಕ್ಕೆ ಹೊರಡುವಾಗ ಮೊಮ್ಮಗ ಪರೀಕ್ಷಿತನನ್ನು ಅದೇ ಕೃಪನ ಕೈಗೆ ಶಿಷ್ಯನಾಗಿ ಒಪ್ಪಿಸಿದ. ಅಶ್ವತ್ಥಾಮ ಕೊಲ್ಲಲು ಹೋದ ಮಗು ಅದು. ಕೃಪನನ್ನು ಯಾರೂ ಖಳ ಅನ್ನುವುದಿಲ್ಲ, ನಿಮ್ಮ ಪಟ್ಟಿಯಲ್ಲೂ ಅವನ ಹೆಸರಿಲ್ಲ. ಅವನು ತಪ್ಪಾಯಿತು ಅಂದ ಶ್ಲೋಕವನ್ನು ನೀವು ಮೊದಲು ತನ್ನಿ. ಆಮೇಲೆ ನನ್ನನ್ನು ಕೇಳಿ.