ಸರ್ಪಸುತ್ತು: ಮಾತ್ರೆ ಇವತ್ತೇ ಬೇಕಾ? ಲಸಿಕೆ ಯಾವಾಗ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 62 ವರ್ಷ. ಬಲಪಕ್ಕೆ ಉರಿ ಅಂತ ಮೂರು ದಿನದಿಂದ ಹೇಳುತ್ತಿದ್ದರು, ಬಟ್ಟೆ ತಾಗಿದರೂ ಆಗುತ್ತಿರಲಿಲ್ಲ. ಗ್ಯಾಸ್ ಇರಬೇಕು ಅಂದುಕೊಂಡೆವು. ನಿನ್ನೆ ಸಂಜೆ ಬೆನ್ನಿನಿಂದ ಹೊಟ್ಟೆವರೆಗೆ ಸಾಲಾಗಿ ನೀರುಗುಳ್ಳೆ ಎದ್ದಿವೆ. ಸುತ್ತು ಕೂಡಿದರೆ ಜೀವಕ್ಕೇ ಅಪಾಯ ಅಂತ ಒಬ್ಬರು, ಸುಮ್ನೆ ಬಿಟ್ಟರೆ ತಾನೇ ಹೋಗುತ್ತೆ ಅಂತ ಇನ್ನೊಬ್ಬರು. ಹೆಂಡತಿ ಬೇರೆ ಗರ್ಭಿಣಿ. ಏನು ಮಾಡಲಿ?

ಡಾಕ್ಟರ್: ಇವತ್ತೇ ತೋರಿಸಿ, ನಾಳೆಗೆ ಇಡಬೇಡಿ. ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತವೆ, ಅದು ನಿಜ. ನನಗೆ ಚಿಂತೆ ಆಮೇಲೆ ಉಳಿಯುವ ನರದ ನೋವಿನದು. ವಯಸ್ಸಾದಷ್ಟೂ ಅದು ಜಾಸ್ತಿ. ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುತ್ತದೆ.

ಸರ್ಪಸುತ್ತು ತರುವುದು ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ವೈರಸ್ಸೇ. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಅಡಗಿರುತ್ತದೆ. ಮೈಯ ಪ್ರತಿರೋಧ ಕುಗ್ಗಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಗುಳ್ಳೆಗಿಂತ ಮೊದಲೇ ಉರಿ ಬಂದದ್ದು ಅದಕ್ಕೇ. ಆ ನರ ದೇಹದ ಒಂದು ಪಕ್ಕಕ್ಕೆ ಮಾತ್ರ ಸೇರಿದ್ದು, ಹಾಗಾಗಿ ಗುಳ್ಳೆಸಾಲು ಸಾಮಾನ್ಯವಾಗಿ ನಡುಮಧ್ಯಕ್ಕೆ ನಿಂತುಬಿಡುತ್ತದೆ. ಸುತ್ತು ಕೂಡಿ ಸಾಯುತ್ತಾರೆ ಅನ್ನುವುದು ಬರೀ ಹೆದರಿಸುವ ಮಾತು.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು. ಅಸೈಕ್ಲೊವಿರ್ ಆದರೆ 800 ಮಿ.ಗ್ರಾಂ, ದಿನಕ್ಕೆ 5 ಸಲ. ವಾಲಸೈಕ್ಲೊವಿರ್ ಆದರೆ 1000 ಮಿ.ಗ್ರಾಂ, ದಿನಕ್ಕೆ 3 ಸಲ. ಎರಡೂ 7 ದಿನ. ಐದು ಸಲ ನೆನಪಿಟ್ಟು ನುಂಗುವುದು ಯಾರಿಗೂ ಕಷ್ಟವೇ, ನಾನು ಎರಡನೆಯದನ್ನೇ ಬರೆಯುತ್ತೇನೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು, ನೀವೇ ಕೊಂಡು ಕೊಡಬೇಡಿ. ಅಸೈಕ್ಲೊವಿರ್ ಮುಲಾಮು ಮಾತ್ರ ಹಚ್ಚಿ ಕೂತರೆ ಪ್ರಯೋಜನವಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಲದಿದ್ದರೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಥರದ ನರದ ಮಾತ್ರೆಗಳಿವೆ.

ನಿಮ್ಮ ಹೆಂಡತಿಗೆ ಹಿಂದೆ ಚಿಕನ್‌ಪಾಕ್ಸ್ ಬಂದಿತ್ತಾ? ಅಥವಾ ಅದರ ಲಸಿಕೆ ಎರಡು ಡೋಸ್ ಆಗಿದೆಯಾ? ಹಾಗಿದ್ದರೆ ಭಯ ಬೇಡ. ಎರಡೂ ಇಲ್ಲ ಅಂದರೆ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ದೂರ ಇರಲಿ. ಅದರ ನೀರು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು. ಈಗಾಗಲೇ ಮುಟ್ಟಿದ್ದರೆ ಅವರ ಡಾಕ್ಟರಿಗೆ ಇವತ್ತೇ ಹೇಳಿ. ಅಮ್ಮನ ಗುಳ್ಳೆಯ ಮೇಲೆ ತೆಳು ಬಟ್ಟೆ ಮುಚ್ಚಿರಲಿ.

ಪ್ರಶ್ನೆ (ಇನ್ನೊಬ್ಬರು): ಸರ್, ನನಗೆ 55. ಎರಡು ವರ್ಷದ ಹಿಂದೆ ಹಣೆಯ ಮೇಲೆ ಬಂದಿತ್ತು. ಒಂದು ಸಲ ಬಂದಮೇಲೆ ಲಸಿಕೆ ಯಾಕೆ, ಅಲ್ವಾ?

ಡಾಕ್ಟರ್: ಮತ್ತೆ ಬರಬಹುದು, ಹಾಗಾಗಿ ಬೇಕು. ಹಣೆ ಅಂದಿರಲ್ಲ, ಎಲ್ಲರಿಗೂ ಒಂದು ಮಾತು: ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ, ಕಣ್ಣು ಕೆಂಪಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದೃಷ್ಟಿಗೇ ಕುತ್ತು ಬರಬಹುದು.

ಲಸಿಕೆ ಶಿಂಗ್ರಿಕ್ಸ್. ಇದರಲ್ಲಿ ಜೀವಂತ ವೈರಸ್ ಇಲ್ಲ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಪ್ರಯೋಗಗಳಲ್ಲಿ 90%ಗಿಂತ ಹೆಚ್ಚು ರಕ್ಷಣೆ ಕೊಟ್ಟಿದೆ. ರೋಗ ಇರುವಾಗ ಹಾಕಿಸಿದರೆ ಅದು ಚಿಕಿತ್ಸೆಯಾಗುವುದಿಲ್ಲ, ಪೂರ್ತಿ ವಾಸಿಯಾದ ಮೇಲೇ ಹಾಕಿಸಬೇಕು. ತೋಳು ನೋವು, ಮೈಕೈ ನೋವು, ಚಳಿಜ್ವರ ಎರಡು ಮೂರು ದಿನ ಇರಬಹುದು. ಅದಕ್ಕೆ ಹೆದರಿ ಎರಡನೆಯದನ್ನು ಬಿಡಬೇಡಿ. ಆರು ತಿಂಗಳು ದಾಟಿಹೋಗಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದ ಒಂದು ಡೋಸ್ ಹಾಕಿಸಿದರೆ ಸಾಕು.